ಅಲ್ಪಕಾಲದ ಅಸ್ವಸ್ಥತೆ

ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಸಂಚಿಕೆಯ ಕೆಲಸ ನೋಡಿಕೊಳ್ಳುವ ಹೆಣ್ಣುಮಗಳು ನನ್ನನ್ನು ಕೇಳಿ ನಾಲ್ಕು ತಿಂಗಳಾಯಿತು. "ಅಂಕಲ್, ನಿಮ್ಮ ಬೇವಿನ ಎಲೆ ಸ್ಟೋರಿ ಇದೆಯಲ್ಲ, ಅದನ್ನೇ ಬರ್ಕೊಡಿ. ರೇಡಿಯೋ, ಪೇಪರ್, ಆ ಕಾಲದ ನಾಸ್ಟಾಲ್ಜಿಯಾ. ಲೈಟ್ ಆಗಿರ್ಲಿ," ಎಂದಿದ್ದಳು. ನಾನು ಒಪ್ಪಿಕೊಂಡೆ. ಈಗ ಕೊಡುತ್ತಿರುವುದು ಅದಲ್ಲ. ಎರಡು ಪುಟವೂ ಅಲ್ಲ. ಹಾಕುವುದು ಬಿಡುವುದು ಆಕೆಗೆ ಬಿಟ್ಟದ್ದು. ಯಾರ ಹೆಸರನ್ನೂ ಬರೆಯಬೇಡ ಅಪ್ಪ ಎಂದು ನನ್ನ ಮಗಳು ಹೇಳಿದ್ದಾಳೆ. ಅದೊಂದು ಮಾತನ್ನು ಪಾಲಿಸಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದಾದ ಮೇಲೆ ಉತ್ತರ ಕರ್ನಾಟಕದ ಒಂದು ಊರಿನ ದಿನಪತ್ರಿಕೆಯಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಈಗಿನವರಿಗೆ ತಿಳಿಯಲೆಂದು ಹೇಳುತ್ತೇನೆ: ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಅವನ್ನು ಮರದ ಪೆಟ್ಟಿಗೆಯ ಖಾನೆಗಳಿಂದ ಹೆಕ್ಕಿ, ತಲೆಕೆಳಗಾಗಿ ಸಾಲು ಕೂಡಿಸಬೇಕು. ಹನ್ನೊಂದು ವರ್ಷ ಆ ಕೆಲಸ ಮಾಡಿದೆ. ಅಮೆರಿಕದ ಜರ್ಸಿ ಸಿಟಿಯಲ್ಲಿ ನರ್ಸ್ ಆಗಿದ್ದ ನನ್ನ ಅಕ್ಕ ಅರ್ಜಿ ಹಾಕಿ ನನ್ನನ್ನೂ ನನ್ನ ಹೆಂಡತಿ ಮಗಳನ್ನೂ ಇಲ್ಲಿಗೆ ಕರೆಸಿಕೊಂಡಳು. ಇಲ್ಲಿ ಬಂದು ಮೆಟುಚೆನ್ ರೈಲು ನಿಲ್ದಾಣದ ಪೇಪರ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ನಿಂತೆ. ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರಿಗೆ ಪೇಪರ್, ಕಾಫಿ, ಚೂಯಿಂಗ್ ಗಮ್ ಮಾರಿದೆ. ಅಂದರೆ ಒಟ್ಟಿನಲ್ಲಿ ನನ್ನ ಆಯುಷ್ಯವೆಲ್ಲ ಸುದ್ದಿಯ ಕಾಗದ ಮುಟ್ಟುವುದರಲ್ಲೇ ಹೋಯಿತು. ಈಗ ಮನ್ರೋದಲ್ಲಿ ಮಗಳ ಮನೆಯಲ್ಲಿದ್ದೇನೆ. ಹೆಂಡತಿ ಹೋಗಿ ಮೂರು ವರ್ಷವಾಯಿತು.

ಬೇವಿನ ಎಲೆಯ ಕತೆ ಇಷ್ಟು. ತುರ್ತು ಪರಿಸ್ಥಿತಿ ಬಂದಾಗ ಪತ್ರಿಕೆಯ ಪ್ರತಿ ಪುಟದ ಪ್ರೂಫನ್ನೂ ಸೆನ್ಸಾರ್ ಸಾಹೇಬರಿಗೆ ತೋರಿಸಬೇಕಿತ್ತು. ದಿನಾ ಸಂಜೆ ನಾನೇ ಸೈಕಲ್ ಮೇಲೆ ಒಯ್ಯುತ್ತಿದ್ದೆ. ಅವರು ಜೋಕಾಲಿಯ ಮೇಲೆ ಕೂತು, ಕೆಂಪು ಪೆನ್ಸಿಲ್ಲಿನಿಂದ ಬೇಡದ ಸುದ್ದಿಗೆ ಅಡ್ಡಗೆರೆ ಎಳೆಯುತ್ತಿದ್ದರು. ಆದರೆ ತೆಗೆದ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ. ಖಾಲಿ ಬಿಟ್ಟರೆ ಅದೂ ಒಂದು ಮಾತಾಗುತ್ತಿತ್ತು. ಹಾಗಾಗಿ ಜಾಗ ತುಂಬುವ ಬರಹಗಳನ್ನು ನಾನು ಮೊದಲೇ ಜೋಡಿಸಿ, ದಾರದಿಂದ ಕಟ್ಟಿ, ತಗಡಿನ ಟ್ರೇಯಲ್ಲಿ ಇಟ್ಟಿರುತ್ತಿದ್ದೆ. ಬೇವಿನ ಎಲೆಯ ಉಪಯೋಗಗಳು, ಕೆಮ್ಮಿಗೆ ಮನೆಮದ್ದು, ರೇಷ್ಮೆ ಸೀರೆ ಕಾಪಾಡುವ ಬಗೆ, ಹೀಗೆ. ಊರಿನ ಜನ ಬಲು ಜಾಣರು. ಒಂದು ತಿಂಗಳಲ್ಲೇ ಅವರಿಗೆ ಗುಟ್ಟು ಗೊತ್ತಾಯಿತು. ಚಹಾದಂಗಡಿಯಲ್ಲಿ ಪೇಪರ್ ಬಿಡಿಸಿ, "ಇವತ್ತ ಮೂರ ಕಡೆ ಬೇವಿನ ಎಲಿ ಬಂದೈತೋ! ದಿಲ್ಯಾಗ ಏನೋ ದೊಡ್ಡದ ಆಗೇತಿ," ಎನ್ನುತ್ತಿದ್ದರು. ಸುದ್ದಿ ಓದಿ ಸುದ್ದಿ ತಿಳಿಯುವ ಕಾಲವಲ್ಲ ಅದು.

ಸಂವಿಧಾನದ ಪೀಠಿಕೆಗೆ 'ಸಮಾಜವಾದಿ' ಎಂಬ ಮಾತನ್ನು ಸೇರಿಸಿದ ಸುದ್ದಿಯನ್ನೂ ನಾನೇ ಜೋಡಿಸಿದೆ. ಮೊದಲ ಪುಟದಲ್ಲಿ, ನಮ್ಮಲ್ಲಿದ್ದ ದೊಡ್ಡ ಮೊಳೆಯಲ್ಲಿ. ನಮ್ಮ ಫೋರ್‌ಮನ್ ಆ ತಲೆಬರಹವನ್ನು ಅತ್ತಿತ್ತ ತಿರುಗಿಸಿ ನೋಡಿ, "ಹಂಗಾದ್ರ ನಾಳಿಯಿಂದ ಮಾಲಕರೂ ನಮ್ಮ ಕೂಡ ಚುರಮುರಿ ತಿಂತಾರೇನಪಾ?" ಎಂದು ಕೇಳಿದ. ನಾವೆಲ್ಲ ನಕ್ಕೆವು. ಈ ಮಾತನ್ನು ಹೇಳಿದಾಗ ಇಲ್ಲಿಯವರೂ ನಗುತ್ತಾರೆ.

ನಮ್ಮ ಹಿರಿಯರ ಗುಂಪು ಬುಧವಾರ ಬೆಳಿಗ್ಗೆ ನಮ್ಮ ಬಡಾವಣೆಯ ಕ್ಲಬ್‌ಹೌಸಿನ ಒಂದು ಕೋಣೆಯಲ್ಲಿ ಸೇರುತ್ತದೆ. ಯಾರಾದರೊಬ್ಬರು ಉಪ್ಪಿಟ್ಟು ತರುತ್ತಾರೆ, ಇನ್ನೊಬ್ಬರು ಫ್ಲಾಸ್ಕಿನಲ್ಲಿ ಕಾಫಿ. ಸಂಚಿಕೆಯ ಹೆಣ್ಣುಮಗಳು ಅಂಥ ಒಂದು ಬುಧವಾರ ಬಂದು, ಫೋನನ್ನು ಮೇಜಿನ ಮೇಲಿಟ್ಟು ಎಲ್ಲರ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಬೆಳಗಿನ ರೇಡಿಯೋ ವಾರ್ತೆಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದುದು, ವಿದೇಶದ ರೇಡಿಯೋವನ್ನು ಅಡುಗೆಮನೆಯಲ್ಲಿ ಸಣ್ಣಗೆ ಹಚ್ಚಿ ಕೇಳುತ್ತಿದ್ದುದು, ಸಿನಿಮಾಕ್ಕೆ ಮುಂಚೆ ತೋರಿಸುತ್ತಿದ್ದ ಸರಕಾರಿ ಸುದ್ದಿಚಿತ್ರದ ಹೊತ್ತಿಗೆ ಎಲ್ಲರೂ ಕಡಲೆಕಾಯಿ ತರಲು ಎದ್ದು ಹೋಗುತ್ತಿದ್ದುದು, ಇವೆಲ್ಲ ಬಂದವು. ನನ್ನ ಬೇವಿನ ಎಲೆಯೂ ಬಂತು. ನಗು ಮುಗಿದ ಮೇಲೆ, ಮೈಸೂರಿನ ಕಡೆಯವರಾದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮಾತು ತೆಗೆದರು. ಅವರು ನನ್ನ ಒಳ್ಳೆಯ ಸ್ನೇಹಿತರು. ರಾಬಿನ್ಸ್‌ವಿಲ್ಲಿನ ದೇವಸ್ಥಾನಕ್ಕೆ ಹೋಗುವಾಗ ನನ್ನನ್ನು ಅವರೇ ಕಾರಿನಲ್ಲಿ ಕರೆದೊಯ್ಯುತ್ತಾರೆ.

"ನೀವೆಲ್ಲ ನಗ್ತೀರಿ. ಆದ್ರೆ ಆಗ ಬಸ್ಸು ಟೈಮಿಗೆ ಬರೋದು ಸಾರ್. ಗುಮಾಸ್ತರು ಹತ್ತೂವರೆಗೆ ಸೀಟಲ್ಲಿರೋರು," ಎಂದರು.

"ಆಮೇಲೆ ಆ ಕ್ಯಾಂಪುಗಳು? ಫ್ಯಾಮಿಲಿ ಪ್ಲ್ಯಾನಿಂಗ್ ಕ್ಯಾಂಪಲ್ಲಿ ಜನ ಸತ್ರಂತೆ?" ಎಂದು ಆ ಹೆಣ್ಣುಮಗಳು ಕೇಳಿದಳು.

"ಅದೆಲ್ಲ ಉತ್ತರ ಇಂಡಿಯಾದಲ್ಲಮ್ಮ. ನಮ್ಮ ಕಡೆ ಒಬ್ರೂ ಸಾಯ್ಲಿಲ್ಲ. ಸತ್ತಿದ್ರೆ ಪೇಪರಲ್ಲಿ ಬರ್ತಿರ್ಲಿಲ್ವೇ? ಸುದ್ದಿ ಬಿಡು, ಅದನ್ನ ಕತ್ತರಿಸ್ತಿದ್ರು. ನಿಧನ ವಾರ್ತೆಯಲ್ಲಾದ್ರೂ ಬರ್ಬೇಕಿತ್ತಲ್ಲ? ನಾನು ದಿನಾ ಅದನ್ನೂ ಬಿಡದೆ ಓದ್ತಿದ್ದೆ."

ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಓದಿದ್ದನ್ನು ನೆನಪಿಟ್ಟುಕೊಂಡಿದ್ದಾರೆ, ಅಷ್ಟೇ. ನನ್ನ ಉಪ್ಪಿಟ್ಟು ಪ್ಲೇಟಿನಲ್ಲೇ ಉಳಿಯಿತು.

ಮೆಟುಚೆನ್ನಿನ ಅಂಗಡಿಗೆ ಬರುತ್ತಿದ್ದ ಒಬ್ಬ ಗಿರಾಕಿಯ ಮಾತನ್ನು ಇಲ್ಲಿ ಹೇಳಬೇಕು. ರುಮೇನಿಯಾದವನು, ನನಗಿಂತ ಹತ್ತು ವರ್ಷ ದೊಡ್ಡವನು. ಪ್ರತಿದಿನ ಬೆಳಿಗ್ಗೆ ಪೇಪರ್ ಕೊಂಡು, ನನ್ನ ಕೌಂಟರಿನ ಮೇಲೆಯೇ ಬಿಡಿಸಿ, ನೇರ ಸಾವಿನ ಪುಟಕ್ಕೆ ಹೋಗುತ್ತಿದ್ದ. ವರ್ಷಗಟ್ಟಲೆ ನೋಡಿ ನೋಡಿ ಒಂದು ದಿನ ತಮಾಷೆಗೆ ಕೇಳಿದೆ, ಅಲ್ಲಿ ನಿನ್ನ ಹೆಸರು ಬಂದಿದೆಯೋ ಎಂದು ನೋಡುತ್ತೀಯಾ ಅಂತ. ಅವನು ನಗಲಿಲ್ಲ. ನಮ್ಮ ದೇಶದಲ್ಲಿ ಪಕ್ಷದ ಆಳ್ವಿಕೆ ಇದ್ದಾಗ ಪೇಪರಿನಲ್ಲಿ ಮೊದಲ ಮೂರು ಪುಟ ನಾಯಕನ ಭಾಷಣ, ಆಮೇಲೆ ಟ್ರ್ಯಾಕ್ಟರು, ಗೋಧಿ ಎಂದ. ಯಾವುದನ್ನೂ ಯಾರೂ ನಂಬುತ್ತಿರಲಿಲ್ಲವಂತೆ. ಕೊನೆಯ ಪುಟದ ಮೂಲೆಯಲ್ಲಿ ಸತ್ತವರ ಹೆಸರಿನ ಪುಟ್ಟ ಚೌಕಗಳು ಇರುತ್ತಿದ್ದವು. ಅವನ ತಂದೆ ಅದನ್ನು ಬೆರಳಿಟ್ಟು ಓದುತ್ತಿದ್ದನಂತೆ. ಸತ್ತವರ ಬಗ್ಗೆ ಸರಕಾರಕ್ಕೇಕೆ ಸುಳ್ಳು ಬೇಕು, ಇದೊಂದು ಮೂಲೆ ನಿಜ, ಎನ್ನುತ್ತಿದ್ದನಂತೆ.

ಅವನ ರೈಲು ಬಂತು, ಹೋದ. ಚಿಲ್ಲರೆಯನ್ನು ನಾನು ಮತ್ತೆ ಮೊದಲಿನಿಂದ ಎಣಿಸಿದೆ. ಆ ಮೂಲೆಯನ್ನೇ ನಾನು ಕೆಡಿಸಿದ್ದು.

ನಮ್ಮ ಪತ್ರಿಕೆಯಲ್ಲಿ ಒಂದು ರೂಢಿ ಇತ್ತು. ಬಡವರ ಮನೆಯ ನಿಧನ ವಾರ್ತೆಯನ್ನು ಪುಕ್ಕಟೆಯಾಗಿ ಹಾಕುತ್ತಿದ್ದೆವು. ಮೂರನೇ ಪುಟದ ಕೆಳಗೆ, ಎರಡೋ ಮೂರೋ ಸಾಲು. ಅವರು ಕೊಟ್ಟ ಚೀಟಿಗೆ ಮುಂಬಾಗಿಲಲ್ಲಿ ತಾರೀಖಿನ ಮೊಹರು ಹೊಡೆದು ಒಳಗೆ ಕಳಿಸುತ್ತಿದ್ದರು. ಎಲ್ಲ ಸಾವುಗಳಿಗೂ ಬೇಕಾಗುವ ಸಾಲು ಒಂದೇ ಆದ್ದರಿಂದ ಅದನ್ನೂ ನಾನು ಜೋಡಿಸಿ ದಾರ ಕಟ್ಟಿ ಇಟ್ಟಿದ್ದೆ: 'ಅಲ್ಪಕಾಲದ ಅಸ್ವಸ್ಥತೆಯಿಂದ ನಿಧನರಾದರು.' ಹೆಸರು, ಊರು, ವಯಸ್ಸು ಜೋಡಿಸಿ ಪಕ್ಕದಲ್ಲಿ ಆ ಸಾಲನ್ನು ಇಟ್ಟರೆ ಕೆಲಸ ಮುಗಿಯಿತು. ಮುದುಕರಾಗಲಿ, ಹಾವು ಕಚ್ಚಿದವರಾಗಲಿ, ಬಾವಿಗೆ ಬಿದ್ದವರಾಗಲಿ, ಎಲ್ಲರಿಗೂ ಅದೇ ಸಾಲು. ಕೆಲವರ ಮನೆಯವರೇ ಅದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಆ ಹೆಂಗಸು ಬಂದದ್ದು ಮಧ್ಯಾಹ್ನ ನಾಲ್ಕರ ಹೊತ್ತಿಗೆ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು. ಕಂಕುಳಲ್ಲಿ ಒಂದು ಗಂಡು ಕೂಸು, ಸೆರಗು ಹಿಡಿದುಕೊಂಡು ಮೂರು ವರ್ಷದ ಹೆಣ್ಣುಮಗು. ಬರೆದ ಚೀಟಿಗೆ ಮೊಹರು ಹಾಕಿಸಿಕೊಂಡು ಆಕೆ ಮುಂಬಾಗಿಲಲ್ಲೇ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಒಳಗೆ, ನಾನು ನಿಂತಿದ್ದ ಮೊಳೆಪೆಟ್ಟಿಗೆಯ ತನಕ ಬಂದಳು.

"ನಮ್ಮ ಮನಿಯವರು ತೀರಿಕೊಂಡಾರ್ರಿ ಅಣ್ಣಾರ. ಸಾಲ್ಯಾಗ ಸಿಪಾಯಿ ಇದ್ದರ್ರಿ. ಇದರಾಗ ಬರದೀನಿ. ಇದ್ದದ್ದ ಇದ್ದಂಗ ಹಾಕ್ರಿ," ಎಂದಳು.

ಚೀಟಿ ಓದಿದೆ. ಹೆಸರು, ಊರು. ಕುಟುಂಬ ಯೋಜನೆಯ ಕ್ಯಾಂಪಿನಲ್ಲಿ ಆಪರೇಷನ್ ಆದ ಮೇಲೆ ಜ್ವರ ಬಂದು ನಾಲ್ಕನೇ ದಿನ ತೀರಿಕೊಂಡರು ಎಂದಿತ್ತು. ಆಪರೇಷನ್ ಮಾಡಿಸಿಕೊಂಡ ಸರ್ಟಿಫಿಕೇಟ್ ತೋರಿಸದಿದ್ದರೆ ಶಾಲೆಯ ಜವಾನನ ನೌಕರಿ ಹೋಗುತ್ತದೆಂದು ಹೆದರಿಸಿ ಕರೆದೊಯ್ದಿದ್ದರು ಎಂದು ಆಕೆ ಬಾಯಲ್ಲಿ ಹೇಳಿದಳು.

"ಕ್ಯಾಂಪಿನವರು ಕಾಗದ ಏನೂ ಕೊಟ್ಟಿಲ್ಲೇನವ್ವ?"

"ಇಲ್ರಿ. ಮನ್ಯಾಗ ಸತ್ತಾನ, ನಮಗ ಸಂಬಂಧ ಇಲ್ಲಂತಾರ. ಅದಕ್ಕರಿ, ಪೇಪರ್ನ್ಯಾಗ ಬಂದ್ರ ಮುಂದ ಯಾರೂ ಇಲ್ಲನ್ನಾಕ ಬರೂದಿಲ್ಲ."

ಆಕೆಗೆ ಬೇಕಾಗಿದ್ದದ್ದು ಅಷ್ಟೇ. ಗಂಡ ಹೇಗೆ ಸತ್ತ ಎಂಬ ಒಂದು ಮಾತು ಎಲ್ಲಾದರೂ ಅಚ್ಚಾಗಿ ಉಳಿಯಬೇಕಿತ್ತು.

"ಆತಾತು, ಹೋಗವ್ವ," ಎಂದೆ.

ಆ ದಿನ ನನಗೆ ಐದೂವರೆಯ ಬಸ್ಸು ಹಿಡಿಯಬೇಕಿತ್ತು. ಪಕ್ಕದ ತಾಲೂಕಿನಲ್ಲಿ ಹೆಣ್ಣು ನೋಡಲು ಹೊರಟಿದ್ದೆ. ಅವ್ವ, ಸೋದರಮಾವ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಪ್ರೂಫನ್ನು ಬೇಗ ಒಯ್ದು ತೋರಿಸಿ ಬಂದರೆ ಬಿಡುತ್ತೇನೆ ಎಂದು ಫೋರ್‌ಮನ್ ಒಪ್ಪಿದ್ದ. ಆ ಚೀಟಿಯಲ್ಲಿದ್ದಂತೆ ಜೋಡಿಸಿದ್ದರೆ ಸೆನ್ಸಾರ್ ಸಾಹೇಬರು ಖಂಡಿತ ಗೆರೆ ಎಳೆಯುತ್ತಿದ್ದರು. ಮತ್ತೆ ಬರಬೇಕು, ಸಾಲು ಬದಲಿಸಬೇಕು, ಇನ್ನೊಂದು ಪ್ರೂಫ್ ತೆಗೆಯಬೇಕು, ಮತ್ತೆ ಸೈಕಲ್ ಹೊಡೆಯಬೇಕು. ಬಸ್ಸು ಹೋಗಿಬಿಡುತ್ತಿತ್ತು. ಹೆಸರು, ಊರು ಜೋಡಿಸಿದೆ. ಟ್ರೇಯಲ್ಲಿದ್ದ ಸಾಲನ್ನು ಎತ್ತಿ ಪಕ್ಕದಲ್ಲಿಟ್ಟೆ. ಚೀಟಿಯನ್ನು ಎಲ್ಲ ಚೀಟಿಗಳಂತೆ ಗೋಡೆಯ ತಂತಿಗೆ ಚುಚ್ಚಿದೆ.

ನನಗೆ ಯಾರೂ ಹೇಳಲಿಲ್ಲ. ಮಾಲಕರು ಊರಲ್ಲಿರಲಿಲ್ಲ. ಫೋರ್‌ಮನ್ ಆ ಚೀಟಿಯನ್ನು ನೋಡಲೂ ಇಲ್ಲ. ಸೆನ್ಸಾರ್ ಸಾಹೇಬರು ಮೂರನೇ ಪುಟದ ಮೇಲೆ ಕಣ್ಣಾಡಿಸಿ, "ಇವತ್ತ ಏನೂ ತೊಂದ್ರಿ ಇಲ್ಲಲ್ಲಪಾ, ಶಾಣ್ಯಾ ಆಗೀರಿ," ಎಂದು ಸಹಿ ಮಾಡಿದರು. ಅವರು ತೆಗೆಯಬೇಕಾದದ್ದನ್ನು ನಾನು ಮೊದಲೇ ತೆಗೆದಿದ್ದೆ. ಬಸ್ಸೂ ಸರಿಯಾದ ಹೊತ್ತಿಗೆ ಬಂತು.

ಹೆಣ್ಣಿನ ತಂದೆಗೆ ನಾನು ಮೆಚ್ಚಿಗೆಯಾದೆ. ಹೇಳಿದ ಹೊತ್ತಿಗೆ ಬಂದ ಹುಡುಗ ಎಂದು ಬೀಗರೆದುರಿಗೆಲ್ಲ ಹೇಳಿಕೊಂಡರಂತೆ. ನನ್ನ ಹೆಂಡತಿ ಇಲ್ಲಿ ಮನೆಮುಂದಿನ ಹಿಮ ಎತ್ತುವಾಗಲೆಲ್ಲ ಅದನ್ನೇ ತೆಗೆದು ಕಾಡುತ್ತಿದ್ದಳು. "ಅವತ್ತ ನಿಮ್ಮ ಬಸ್ ತಪ್ಪಿತ್ತಂದ್ರ ಈ ಸ್ನೋ ಬಳಿಯೂದು ನನಗ ತಪ್ಪತಿತ್ತ ನೋಡ್ರಿ!" ಎನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ನಲವತ್ತು ವರ್ಷಕ್ಕೂ ಮೇಲೆ ಜೊತೆಗಿದ್ದೂ ಆಕೆಗೆ ಇದನ್ನು ಹೇಳಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಹೇಳಬೇಕೆಂದು ಕುರ್ಚಿ ಹತ್ತಿರ ಎಳೆದುಕೊಂಡೆ. ನೀರು ಕೇಳಿದಳು. ಕೊಟ್ಟು ಸುಮ್ಮನಾದೆ.

ಇಲ್ಲಿಯವರೆಗೆ ಕೇಳಿದವರು, ಕಾಲ ಹಾಗಿತ್ತು, ನೀನೇನು ಮಾಡಲಾಗುತ್ತಿತ್ತು ಎನ್ನಬಹುದು. ಕ್ಲಬ್‌ಹೌಸಿನಲ್ಲಿ ಆ ಬುಧವಾರ ನಾನು ಇಷ್ಟನ್ನು ಹೇಳಿದೆ. "ಸಾರ್, ಸತ್ತಿದ್ದರು. ನಮ್ಮ ಪೇಪರಿನ ನಿಧನ ವಾರ್ತೆಯೊಳಗ ಅದನ್ನ ನಾನ ತಗದೆ," ಎಂದು ಶುರುಮಾಡಿದವನು, ಬಸ್ಸಿನ ತನಕ ಹೇಳಿ ನಿಲ್ಲಿಸಿದೆ. ಆಮೇಲೆ ಎಲ್ಲರೂ ನನ್ನನ್ನು ಸಮಾಧಾನ ಮಾಡಲು ಶುರುಮಾಡಿದರು. "ಹಾಗೆ ಹಾಕಿದ್ರೂ ಸೆನ್ಸಾರಿನವರು ತೆಗೀತಿದ್ರಲ್ಲ ಅಂಕಲ್. ಡಿಫರೆನ್ಸ್ ಏನಿದೆ?" ಎಂದು ಸಂಚಿಕೆಯವಳು ನನ್ನ ಕೈ ಹಿಡಿದಳು. ಬ್ಯಾಂಕಿನವರು ನನ್ನನ್ನು ಕಾರಿನಲ್ಲಿ ಮನೆಗೆ ಬಿಡುವಾಗ ಕೇಳಿದರು.

"ಆಯಮ್ಮ ಮತ್ತೆ ಬರ್ಲಿಲ್ವಾ?"

"ಇಲ್ಲ," ಎಂದೆ.

ಅದು ಸುಳ್ಳು. ಬಂದಿದ್ದಳು.

ತುರ್ತು ಪರಿಸ್ಥಿತಿ ಹೋಯಿತು. ದಿಲ್ಲಿಯಲ್ಲಿ ಸರಕಾರ ಬದಲಾಯಿತು. ಒಂದೇ ವಾರದಲ್ಲಿ ಎಲ್ಲರೂ ಧೀರರಾದರು. ನಮ್ಮ ಮಾಲಕರಿಗೆ ಪುರಭವನದಲ್ಲಿ ಸನ್ಮಾನವಾಯಿತು, ಸೆನ್ಸಾರಿಗೆ ಬಗ್ಗದ ಪತ್ರಿಕೆ ಎಂದು. ವೇದಿಕೆಗೆ ಕರೆದು ನನಗೂ ಒಂದು ಶಾಲು ಹೊದಿಸಿದರು. ಬೇವಿನ ಎಲೆಯ ಕತೆಯನ್ನು ನಾನು ಮೊದಲು ಹೇಳಿದ್ದು ಅಲ್ಲಿ, ಮೈಕಿನ ಮುಂದೆ. ಜನ ಚಪ್ಪಾಳೆ ತಟ್ಟಿದರು.

ಅದಾಗಿ ಕೆಲವೇ ದಿನಕ್ಕೆ ಆಕೆ ಬಂದಳು. ಹೊಸ ಸರಕಾರದ ವಿಚಾರಣೆಗೆಂದು ಕ್ಯಾಂಪಿನಲ್ಲಿ ಸತ್ತವರ ಕಡೆಯವರಿಂದ ಅರ್ಜಿ ತೆಗೆದುಕೊಳ್ಳುತ್ತಿದ್ದ ಕಾಲ. ಆಕೆಯೂ ಕೊಟ್ಟಿದ್ದಳು. ಆದರೆ ಅಲ್ಲಿ ಕೂತ ಅಧಿಕಾರಿ ನಮ್ಮ ಪೇಪರಿನ ತುಣುಕನ್ನೇ ತೋರಿಸಿದ್ದರಂತೆ.

"ನೀನ ಕೊಟ್ಟ ಸುದ್ದ್ಯಾಗ ಜಡ್ಡಿನಿಂದ ಸತ್ತಾ ಅಂತ ಐತೆಲ್ಲಬೇ, ಈಗ ಯಾಕ ಬ್ಯಾರೆ ಹೇಳ್ತೀ ಅಂದ್ರರಿ," ಎಂದಳು. "ನಾ ಬರದಕೊಟ್ಟ ಚೀಟಿ ಐತೇನ್ರಿ ಅಣ್ಣಾರ? ಅದರ ಮ್ಯಾಲ ನಿಮ್ಮ ಶಿಕ್ಕಾ ಹೊಡದಿದ್ರಿ. ತಾರೀಖ ಐತಿ. ಅವತ್ತ ನಾ ಏನ ಬರದಿದ್ದೆ ಅಂತ ಅದನ್ನ ತೋರ್ಸಿದ್ರ ಸಾಕರಿ."

ಚೀಟಿ ಇತ್ತು. ತಂತಿ ತುಂಬಿದ ಮೇಲೆ ಚೀಟಿಗಳನ್ನು ತಿಂಗಳುವಾರು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದೆವು. ಜಾಹೀರಾತು ತಪ್ಪಾಯಿತೆಂದು ಯಾರಾದರೂ ಜಗಳಕ್ಕೆ ಬಂದರೆ ತೋರಿಸಲು ಬೇಕಾಗುತ್ತಿತ್ತು. ಎರಡು ವರ್ಷ ತುಂಬಿದ ಮೇಲೆಯೇ ರದ್ದಿಗೆ. ಆ ತಿಂಗಳ ಕಟ್ಟು ಆಕೆಯ ತಲೆಯ ಮೇಲೆಯೇ, ಎಂಟು ಅಡಿ ಎತ್ತರದಲ್ಲಿತ್ತು. ಏಣಿ ಹಾಕಿದ್ದರೆ ಐದು ನಿಮಿಷದ ಕೆಲಸ.

"ಅದೆಲ್ಲಾ ರದ್ದಿಗೆ ಹೋಗೇತವ್ವ," ಎಂದೆ.

ಆಗ ಯಾರ ಹೆದರಿಕೆ ಇತ್ತು? ಸೆನ್ಸಾರ್ ಸಾಹೇಬರು ವರ್ಗವಾಗಿ ಹೋಗಿದ್ದರು. ಜೈಲಿಗೆ ಹಾಕುವವರು ಇರಲಿಲ್ಲ. ಚೀಟಿ ಹೊರಗೆ ಬಂದರೆ ಅದನ್ನು ಬದಲಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಶಾಲು ಹೊದಿಸಿಕೊಂಡವನ ಮರ್ಯಾದೆ ಹೋಗುತ್ತಿತ್ತು. ಮನೆಯಲ್ಲಿ ಹೊಸ ಹೆಂಡತಿ ಇದ್ದಳು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಆಕೆ ಹೋದ ಮೇಲೆ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅಟ್ಟ ಹತ್ತಿದೆ. ಕಟ್ಟು ಬಿಚ್ಚಿ ಆ ಚೀಟಿಯನ್ನು ತೆಗೆದೆ. ಪ್ರೆಸ್ಸಿನ ಹಿಂದೆ ಚಹಾ ಕಾಸುವ ಒಲೆ ಇತ್ತು, ಅದರೊಳಗೆ ಹಾಕಿದೆ. ಮೂರು ಗಂಟೆಗೆ ಅದೇ ಒಲೆಯ ಚಹಾವನ್ನು ಎಲ್ಲರ ಜೊತೆ ಕೂತು ಕುಡಿದೆ.

ಆಕೆಯ ಅರ್ಜಿ ಏನಾಯಿತೆಂದು ನಾನು ಕೇಳಲಿಲ್ಲ. ಆಕೆಯ ಊರಿನವರು ಯಾರಾದರೂ ಪ್ರೆಸ್ಸಿಗೆ ಬಂದರೆ ನಾನು ಹಿಂದಿನ ಬಾಗಿಲಿಂದ ಹೊರಗೆ ಹೋಗುತ್ತಿದ್ದೆ. ಅಕ್ಕ ಅಮೆರಿಕಕ್ಕೆ ಬಾ ಎಂದಾಗ, ಬೇರೆಯವರಂತೆ ಊರು ಬಿಡಲು ನಾನು ಅಳಲಿಲ್ಲ. ಇಷ್ಟು ದೂರ ಯಾರೂ ಬಂದು ಚೀಟಿ ಕೇಳುವುದಿಲ್ಲ ಎಂದುಕೊಂಡೆ.

ಬ್ಯಾಂಕಿನವರಿಗೆ ಸುಳ್ಳು ಹೇಳಿ ಮನೆಗೆ ಬಂದೆ. ಅರ್ಧ ತಪ್ಪು ಹೇಳಿ ಪೂರ್ತಿ ಸಮಾಧಾನ ಪಡೆದುಕೊಂಡು ಬಂದಿದ್ದೆ. ಅದು ಹಳೆಯದಕ್ಕಿಂತ ಹೊಸ ಕಳ್ಳತನದಂತೆ ಅನಿಸಿತು. ಆ ಹೆಂಗಸಿನ ಊರಿನ ಹತ್ತಿರವೇ ಇರುವ ನನ್ನ ಹೆಂಡತಿಯ ತಮ್ಮನಿಗೆ ಫೋನ್ ಮಾಡಿ, ಇಂಥ ಶಾಲೆಯ ಸಿಪಾಯಿಯ ಮನೆಯವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಲು ಹೇಳಿದೆ. ಹಳ್ಳಿ ಚಿಕ್ಕದು. ಒಂದು ವಾರದಲ್ಲಿ ನಂಬರ್ ಕಳಿಸಿದ. ಆ ಹೆಂಗಸು ತೀರಿಕೊಂಡು ಆರು ವರ್ಷವಾಗಿತ್ತು. ನಂಬರ್ ಮಗಳದು, ಅಂದು ಸೆರಗು ಹಿಡಿದುಕೊಂಡು ನಿಂತಿದ್ದವಳದು. ಅದೇ ಊರಿನಲ್ಲಿ ಅಂಗನವಾಡಿ ನಡೆಸುತ್ತಾಳೆ.

ಒಂದು ಶನಿವಾರ ಬೆಳಿಗ್ಗೆ, ಮಗಳು ಅಳಿಯ ಅಂಗಡಿಗೆ ಹೋಗಿದ್ದಾಗ, ಫೋನ್ ಹಚ್ಚಿದೆ. ಅಲ್ಲಿ ಸಂಜೆ. ಯಾರು ಎಂದು ಹೇಳಿಕೊಂಡೆ. ಯಾವ ಪತ್ರಿಕೆ, ಯಾವ ಕೆಲಸ, ಎಲ್ಲ ಹೇಳಿದೆ. ಆಕೆ ಹೂಂ ಹೂಂ ಎನ್ನುತ್ತಿದ್ದಳು. ಬಸ್ಸಿನ ವಿಷಯ ಹೇಳಿದೆ. ಅಟ್ಟದ ವಿಷಯ ಹೇಳಿದೆ. ಒಲೆಯ ವಿಷಯಕ್ಕೆ ಬಂದಾಗ ಹೂಂ ಎನ್ನುವುದು ನಿಂತಿತು. ಫೋನ್ ಕಡಿದುಹೋಯಿತೇನೋ ಎಂದು ನೋಡಿದೆ. ಇಲ್ಲ, ಆ ಕಡೆ ಕುಕ್ಕರ್ ಕೂಗುತ್ತಿತ್ತು.

"ಕೇಳಾಕತ್ತೀ ಏನವ್ವ?"

"ಕೇಳಾಕತ್ತೀನ್ರಿ," ಎಂದಳು. "ಅಂದ್ರ ಚೀಟಿ ಓದಾಕ ಬಂದಿತ್ತೇನ್ರಿ ನಿಮಗ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಅವ್ವ ಹೇಳ್ತಿದ್ಲರಿ," ಎಂದು ಆಕೆ ನಿಧಾನವಾಗಿ ಹೇಳಿದಳು. "ಎರಡ್ನೇ ಸಲ ಪ್ರೆಸ್ಸಿಗೆ ಹೋದಾಗ ಅಲ್ಲಿದ್ದ ಅಣ್ಣಾರು ಅಂದರಂತ, ಚೀಟಿ ರದ್ದಿಗೆ ಹೋತು, ಇದ್ರೂ ಏನ ಉಪಯೋಗ ಇರ್ಲಿಲ್ಲವ್ವ, ನಿನ್ನ ಅಕ್ಷರ ಯಾರಿಗೂ ತಿಳದಿರ್ಲಿಕ್ಕಿಲ್ಲ, ಅದಕ್ಕ ಹಂಗ ಅಚ್ಚಾಗೇತಿ ಅಂತ. ಅದು ನೀವ ಏನ್ರಿ?"

ಆ ಕೋಣೆಯಲ್ಲಿ ಆ ಹೊತ್ತಿಗೆ ನಾನೊಬ್ಬನೇ ಇದ್ದೆ. ಹೇಳಿದ್ದರೆ ನಾನೇ ಹೇಳಿರಬೇಕು. ಐವತ್ತು ವರ್ಷ ನನ್ನ ತಪ್ಪನ್ನು ಒಂದೊಂದು ಮೊಳೆಯಾಗಿ ಎಣಿಸಿ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಈ ಮಾತು ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಆಕೆಯನ್ನು ಬೇಗ ಹೊರಡಿಸಲು ಬಾಯಿಗೆ ಬಂದದ್ದನ್ನು ಹೇಳಿರಬೇಕು.

"ನಾನ ಇರಬೇಕವ್ವ," ಎಂದೆ.

"ಅವ್ವ ನಾಲ್ಕನೇತ್ತಾ ತನಕ ಕಲ್ತಿದ್ಲರಿ," ಎಂದಳು. "ಓಣ್ಯಾಗ ಹೆಣ್ಮಕ್ಕಳ ಪೈಕಿ ಬರಿಯಾಕ ಬರ್ತಿದ್ದದ್ದು ಆಕಿಗೆ ಒಬ್ಬಾಕಿಗೇ. ಎಲ್ಲಾರ ಪತ್ರಾನೂ ಬರದ ಕೊಡ್ತಿದ್ಲಂತ. ಅವತ್ತಿಂದ ಬಿಟ್ಟಳರಿ. ರೇಷನ್ ಕಾರ್ಡಿಗೆ, ಪಿಂಚಣಿಗೆ, ನಮ್ಮ ಮದುವಿ ನೋಂದಣಿಗೆ, ಎಲ್ಲಾದಕ್ಕೂ ಹೆಬ್ಬಟ್ಟ ಒತ್ತತಿದ್ಲು. ಸಹಿ ಮಾಡಬೇ ಯವ್ವಾ, ನಿನಗ ಬರ್ತೈತೆಲ್ಲ ಅಂದ್ರ, ನನ್ನ ಅಕ್ಷರದಿಂದ ನಿಮ್ಮಪ್ಪನ ಸಾವು ಸುಳ್ಳಾತು, ಇನ್ನ ಬ್ಯಾಡ ಅಂತಿದ್ಲು. ಸಾಯೂತನಕ ಹಂಗ ತಿಳಕೊಂಡಿದ್ಲರಿ, ತನ್ನದ ತಪ್ಪ ಅಂತ."

ಕುಕ್ಕರ್ ಮತ್ತೆ ಕೂಗಿತು. ಯಾರೋ ಹೋಗಿ ಒಲೆ ಆರಿಸಿದರು.

ಹನ್ನೊಂದು ವರ್ಷದಲ್ಲಿ ನೂರಾರು ಜನರ ಕೈಬರಹ ಓದಿದವನು ನಾನು. ವಕೀಲರದು, ಮಾಸ್ತರರದು, ಡಾಕ್ಟರರದು. ಎಷ್ಟೋ ಸಲ ಇಬ್ಬರು ಮೂವರು ಕೂಡಿ ಒಂದು ಪದವನ್ನು ಬಿಡಿಸಬೇಕಾಗುತ್ತಿತ್ತು. ಆಕೆಯ ಚೀಟಿಯನ್ನು ನಾನು ಒಂದೇ ಸಲಕ್ಕೆ ಓದಿದ್ದೆ.

"ಅಕ್ಷರ ಛಲೋ ಇತ್ತವ್ವ," ಎಂದೆ. "ದುಂಡಗ, ಬಿಡಿಬಿಡಿಯಾಗಿ ಬರದಿದ್ದಳು. ಒಂದ ತಪ್ಪ ಇರ್ಲಿಲ್ಲ."

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ಕೇಳುವಂಥ ಮೆತ್ತಗಿನ ದನಿಯಲ್ಲಿ ಕೇಳಿದಳು.

"ಈಗ ಅದನ್ನ ನಾ ಯಾರಿಗೆ ಹೋಗಿ ಹೇಳ್ಲರಿ?"

ಆಕೆ ಸ್ವಲ್ಪ ಕಾದು, "ಇಡ್ತೀನ್ರಿ," ಎಂದು ಫೋನ್ ಇಟ್ಟಳು.